ಮಂಗಳವಾರದ ಕಳ್ಳರು

ಮೊನ್ನೆ ನೀರಿನ ಪೈಪು ಹಾಕಲೆಂದು ಗೋಕಾಕದ ನಮ್ಮ ಓಣಿಯನ್ನು ಅಗೆದರು. ಮಳೆ ಹನಿಯುತ್ತಿತ್ತು. ತೆಗ್ಗಿನ ತಳದಿಂದ ಹಸಿ ಜೇಡಿಮಣ್ಣಿನ ವಾಸನೆ ಎದ್ದು ಬಂದದ್ದೇ ತಡ, ನಾನು ಛತ್ರಿ ಹಿಡಿದುಕೊಂಡು ಹೋಗಿ ಅದರ ಅಂಚಿನಲ್ಲಿ ನಿಂತೆ. ಆಳ ನೋಡಿದೆ. ಗುದ್ದಲಿಯ ಪೆಟ್ಟು ಯಾವ ಕಡೆಯಿಂದ ಬಿದ್ದಿದೆ ನೋಡಿದೆ. ಅಗೆದ ಮಣ್ಣೆಲ್ಲ ಅಲ್ಲೇ ಇದೆಯೋ, ಸ್ವಲ್ಪ ಕಾಣೆಯಾಗಿದೆಯೋ ಎಂದೂ ನೋಡಿದೆ. ಕೆಲಸದವನು, "ಏನರ ಕಳಕೊಂಡೀರೇನ್ರಿ ಅಜ್ಜಾರ?" ಎಂದ. ಕಿಟಕಿಯಿಂದ ನನ್ನ ಹೆಂಡತಿ, "ಅವರದೇನೂ ಕಳದಿಲ್ಲಪಾ. ತೆಗ್ಗು ಕಂಡ್ರ ಸಾಕು, ಅವರಿಗೆ ದೇಸಾಯರ ವಾಡೆ ನೆನಪಾಕ್ಕೈತಿ" ಎಂದಳು.

ಆಗಲೇಬೇಕು. ಕೆಲವು ವರ್ಷಗಳ ಹಿಂದೆ ಆ ವಾಡೆಯಲ್ಲಿ ನಾನು ಒಂದು ಇಡೀ ಆಷಾಢ ಕಳೆದಿದ್ದೇನೆ. ಕಳೆದಿದ್ದೇನೆ ಎನ್ನುವುದಕ್ಕಿಂತ ತನಿಖೆ ಮಾಡಿದ್ದೇನೆ ಎನ್ನುವುದು ಸರಿ.

ನಾನು ಕೋರ್ಟಿನಲ್ಲಿ ಕಾರಕೂನನಾಗಿದ್ದವನು. ನ್ಯಾಯಾಧೀಶರ ಪೀಠದ ಕೆಳಗೆ ನನ್ನ ಕುರ್ಚಿ. ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ ಸುಳ್ಳುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುವುದು ನನ್ನ ಉದ್ಯೋಗ. ಆ ಕೋಣೆಯಲ್ಲಿ ಮಾತಾಡುವ ಅಧಿಕಾರ ಎಲ್ಲರಿಗೂ ಇತ್ತು, ನನಗೊಬ್ಬನಿಗೆ ಇರಲಿಲ್ಲ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಹಿಡಿದು "ಹಾಜರ್ ಹೋ!" ಎಂದು ಕೂಗುತ್ತಿದ್ದ ಪಟ್ಟೇವಾಲನ ಗಂಟಲು ಕೇಳಿ ಒಳಗೊಳಗೆ ಹೊಟ್ಟೆಕಿಚ್ಚು ಪಟ್ಟದ್ದುಂಟು. ನಿವೃತ್ತನಾದ ಮೇಲೆ ನನಗೆ ಉಳಿದದ್ದು ಎರಡು: ಪಿಂಚಣಿ ಮತ್ತು ಸಂಶಯ. ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ. ಸಂಶಯಕ್ಕೆ ಅಂಥ ಶಿಸ್ತಿಲ್ಲ.

ಈ ಗುಣದ ಕೀರ್ತಿ ಕೊಲ್ಲಾಪುರದವರೆಗೆ ಹಬ್ಬಿತ್ತೆಂದು ಕಾಣುತ್ತದೆ. ಅಲ್ಲಿಂದ ಅಕ್ಕಾಸಾಹೇಬರು ಕರೆಸಿದರು. ಬಾಗನಹಟ್ಟಿ ದೇಸಾಯರ ಮನೆತನದಲ್ಲಿ ಉಳಿದ ವಾರಸುದಾರರು ಅವರೊಬ್ಬರೇ. ಸಣ್ಣವರಿದ್ದಾಗಲೇ ಕೊಲ್ಲಾಪುರದ ಸಾಲೆಗೆ ಹೋಗಿ, ಅಲ್ಲೇ ಲಗ್ನವಾಗಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಹಿಂದೊಮ್ಮೆ ಅವರ ಜಮೀನಿನ ವ್ಯಾಜ್ಯ ನಮ್ಮ ಕೋರ್ಟಿನಲ್ಲಿದ್ದುದರಿಂದ ಮುಖಪರಿಚಯವಿತ್ತು. ಈಗ ವಾಡೆಯನ್ನೂ ಅದರ ಹಿಂದಿನ ಬಾಗು ಎಂಬ ತೋಟವನ್ನೂ ರೆಸಾರ್ಟ್ ಮಾಡುವ ಒಂದು ಮಂಡಳಿಗೆ ಕೊಡುವ ಮಾತು ನಡೆದಿತ್ತು.

"ಮಾತು ಮುಗಿಯೂತನಕ ನಂಬಿಗಸ್ತರು ಒಬ್ಬರು ಅಲ್ಲಿರಬೇಕ್ರಿ" ಎಂದರು.

"ನಾನು ನಂಬಿಗಸ್ತ ಅಂತ ಹೆಂಗ ಹೇಳತೀರಿ?"

"ನೀವು ಯಾರನ್ನೂ ನಂಬೂದಿಲ್ಲಂತ ಕೇಳೇನಿ. ಅಷ್ಟ ಸಾಕು."

ಯಮಕನಮರಡಿಯಲ್ಲಿ ಬಸ್ಸಿಳಿದು, ಟೆಂಪೊದಲ್ಲಿ ಕಬ್ಬಿನ ಹೊಲಗಳ ನಡುವೆ ಒಳಗೊಳಗೆ ಹೋದರೆ ಬಾಗನಹಟ್ಟಿ. ಊರಿಗಿಂತ ವಾಡೆ ಮೊದಲು ಕಾಣುತ್ತದೆ. ಎರಡಾಳು ದಪ್ಪದ ಗೋಡೆ, ಸಾಗವಾನಿ ಕಂಬದ ಚೌಕ, ಆನೆ ಹೋಗುವ ಬಾಗಿಲು, ಮನುಷ್ಯರು ಬಗ್ಗಿ ಹೋಗಲಿಕ್ಕೆ ಅದರೊಳಗೊಂದು ದಿಡ್ಡಿ. ಅಷ್ಟೇ ಆಗಿದ್ದರೆ ಅದು ನಮ್ಮ ಕಡೆಯ ಎಲ್ಲ ವಾಡೆಗಳ ಹಾಗೆಯೇ. ಬೇರೆಯಾದದ್ದು ಹಿಂದಿನ ಬಾಗು. ಅಕ್ಕಾಸಾಹೇಬರ ಮುತ್ತಜ್ಜ ಬೆಳಗಾವಿಯಲ್ಲಿ ಯಾವನೋ ಬಿಳಿಯ ಸಾಹೇಬನ ಬಂಗಲೆಯ ತೋಟ ನೋಡಿ ಬಂದು ನಿದ್ದೆ ಕಳೆದುಕೊಂಡರಂತೆ. ಸಪಾಟು ನೆಲದಲ್ಲಿ ಒಂದು ಗುಡ್ಡ ಮಾಡಿಸಿದರು. ಹಾವಿನಂತೆ ಬಳುಕುವ ಒಂದು ಕೆರೆ ತೋಡಿಸಿದರು. ಅದರ ಮೇಲೆ ಕಲ್ಲಿನ ಸೇತುವೆ ಕಟ್ಟಿಸಿದರು. ಆಚೆ ಹೋಗಿ ಮಾಡುವ ಕೆಲಸ ಏನೂ ಇರಲಿಲ್ಲವಾದ್ದರಿಂದ ಜನ ಹೋಗಿ ಹಾಗೇ ತಿರುಗಿ ಬರುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ, ಗುಡ್ಡದ ಬುಡದಲ್ಲಿ ಹೊಚ್ಚಹೊಸದೊಂದು ಹಾಳು ಮಂಟಪ ಕಟ್ಟಿಸಿದರು. ಎರಡು ಕಂಬ ಮೊದಲೇ ಮುರಿದದ್ದು, ಗೋಡೆ ಅರ್ಧಕ್ಕೆ ಬಿದ್ದದ್ದು. ತಮ್ಮ ಮನೆಗಳು ಖರ್ಚಿಲ್ಲದೆ ತಾವೇ ಬೀಳುತ್ತಿದ್ದ ಊರಿನವರಿಗೆ, ಪಗಾರ ಕೊಟ್ಟು ಹಾಳು ಕಟ್ಟಿಸುವ ಈ ವೈಭವ ಇವತ್ತಿಗೂ ಅರ್ಥವಾಗಿಲ್ಲ.

ಕೆರೆಯ ವಿಷಯ ಒಂದಿಷ್ಟು ಹೇಳಬೇಕು. ಇಲ್ಲಿಯ ಮಸಾರಿ ನೆಲ ನೀರು ಹಿಡಿಯುವುದಿಲ್ಲ. ಅದಕ್ಕಾಗಿ ಮುತ್ತಜ್ಜ ಘಟಪ್ರಭೆಯ ದಂಡೆಯಿಂದ ಚಕ್ಕಡಿಗಟ್ಟಲೆ ಜೇಡಿಮಣ್ಣು ಹೇರಿಸಿ, ಎತ್ತುಗಳಿಂದ ತುಳಿಸಿ, ತಳಕ್ಕೂ ದಂಡೆಗೂ ಬೆಣ್ಣೆಯಂತೆ ಮೆತ್ತಿಸಿದರಂತೆ. ಅಂದಿನಿಂದ ಕೆರೆ ಸೋರಿಲ್ಲ. ಸುತ್ತ ಎಲ್ಲಿ ಅಗೆದರೂ ಗರಸು. ನುಣ್ಣನೆಯ ಮಣ್ಣು ಎಂದರೆ ಅದೊಂದೇ ಕಡೆ.

ದಿಡ್ಡಿಯ ಪಕ್ಕದ ಖೋಲಿಯಲ್ಲಿ ಶಿವಕ್ಕ ಇದ್ದಳು. ಅತ್ತೆಯ ಕಾಲದಿಂದ ಆ ಬಾಗಿಲು ತೆಗೆದು ಹಾಕುವುದು, ಚೌಕ ಗುಡಿಸುವುದು ಅವರ ಮನೆಯ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳಿಗೆ ಬೇರೆ ಸೂರಿಲ್ಲ. ಮೊದಲ ದಿನವೇ ಕೇಳಿದಳು:

"ಎಷ್ಟ ದಿನ ಇರತೀರ್ರಿ, ಕಾರಕೂನ ಸಾಹೇಬ್ರ?"

"ಯಾಕ? ನಾ ಹೋದ ಮ್ಯಾಲ ಮಾಡೂ ಕೆಲಸ ಏನರ ಐತೇನು?"

"ಐತ್ರಿ. ನಿಮ್ಮ ಖೋಲಿ ಕಸಾ ಹೊಡೀಬೇಕು."

ಸಾಕ್ಷಿ ಚುರುಕಾಗಿದ್ದಾಳೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಆಷಾಢ ಹಿಡಿದ ಮೊದಲ ಮಂಗಳವಾರ. ಬೆಳಿಗ್ಗೆ ಕೆರೆಯ ಕಡೆ ಹೋದರೆ ದಂಡೆಯಲ್ಲಿ ತೆಗ್ಗುಗಳು. ಒಂದೊಂದೂ ಬುಟ್ಟಿಯಷ್ಟು ಅಗಲ. ಮಣ್ಣು ಪಕ್ಕದಲ್ಲಿ ಬಿದ್ದಿರಲಿಲ್ಲ, ಹೋಗಿತ್ತು. ಮುಂದಿನ ಬಾಗಿಲಿಗೆ ಹಾಕಿದ ಕೀಲಿ ಹಾಕಿದಂತೆಯೇ ಇತ್ತು. ಅವತ್ತೇ ಸಂಕೇಶ್ವರದಿಂದ ಸುಭಾಷ ಬಂದ. ಈ ಸೌದಾ ಕುದುರಿಸುತ್ತಿದ್ದ ಎಜೆಂಟ ಅವನು. ಕೈಗೊಂದರಂತೆ ಫೋನು, ಎರಡರಲ್ಲೂ ಏಕಕಾಲಕ್ಕೆ ಸುಳ್ಳು ಹೇಳಬಲ್ಲ ಸಾಮರ್ಥ್ಯ.

ತೆಗ್ಗು ನೋಡಿದವನೇ, "ನಿಧಿ ಹುಡಕಾಕತ್ತಾರ್ರಿ" ಎಂದ. "ಆದ್ರ ಕೆರಿ ಸೋರಿತಂದ್ರ ಸೌದಾ ಮುರೀತು ತಿಳೀರಿ. ಬೋಟು ಬಿಡಾಕಂತನ ಅವರು ಈ ಜಾಗಾ ಮೆಚ್ಚಿದ್ದು. ಮೊದಲ ಆ ದಿಡ್ಡಿ ಬಾಗಲದಾಕಿನ್ನ ಹೊರಗ ಹಾಕ್ರಿ. ಒಳಗಿನವರಿಲ್ದ ಹೊರಗಿನವರು ಬರೂದಿಲ್ಲ."

ಅವನ ಮಾತು ನಂಬಲಿಲ್ಲ. ಆದರೆ ಅವನ ಸಂಶಯ ನನಗೆ ಹಿಡಿಸಿತು. ಅಕ್ಕಾಸಾಹೇಬರಿಗೆ ಫೋನು ಮಾಡಿದೆ.

"ಯಾವತ್ತ ಅಗದಾರ್ರಿ?"

"ಇವತ್ತ ನಸಿಕಿನ್ಯಾಗ. ಮಂಗಳವಾರ."

ಅವರ ದನಿ ಸಣ್ಣದಾಯಿತು: "ಮಂಗಳವಾರನ ಬರತಾರ ಅವರು. ನಾ ಸಣ್ಣಾಕಿ ಇದ್ದಾಗಿಂದ ಬರತಾರ. ಮಳಿಗಾಲದಾಗ ಒಮ್ಮಿಂದೊಮ್ಮೆಲೆ ನಮ್ಮಪ್ಪ ಅಪ್ಪಾಸಾಹೇಬ್ರು ಮ್ಯಾಲಿನ ಮಾಡಿ ಖಿಡಕಿ ತಗದು 'ಯಾರದು! ಹಿಡೀರಿ!' ಅಂತ ಒದರತಿದ್ರು. ನಾ ಅಂಜಿ ಕೌದಿಯೊಳಗ ಮಾರಿ ಮುಚ್ಕೋತಿದ್ದೆ. ಕೇಳಿದ್ರ, 'ಕಳ್ಳರು, ನೀ ಮಲಕೋ' ಅಂತಿದ್ರು. ಆ ಊರು, ಆ ಜನ, ನನಗ ಒಟ್ಟ ನಂಬಿಕಿ ಇಲ್ರಿ. ಅದಕ್ಕ ಮಾರಾಕತ್ತಿದ್ದು." ಕೊನೆಗೆ, "ಶಿವಕ್ಕ ಅವರ ಜೋಡಿ ಅದಾಳೋ ಇಲ್ಲೋ, ಅದಷ್ಟ ನೋಡ್ರಿ. ಆಷಾಢ ಮುಗಿಯೂದ್ರಾಗ ಬರತೇನಿ. ಅದಾಳ ಅಂತ ನೀವಂದ್ರ ಅವತ್ತ ಆ ಖೋಲಿ ಖಾಲಿ ಮಾಡಸತೇನಿ" ಎಂದರು.

ಹೀಗೆ, ಜೀವಮಾನವೆಲ್ಲ ಪೀಠದ ಕೆಳಗೆ ಕೂತವನಿಗೆ ಪೀಠ ದೊರೆಯಿತು. ಇದನ್ನು ಓದುವ ನಮ್ಮ ಕಡೆಯ ಹೆಣ್ಣುಮಕ್ಕಳು ಆಷಾಢದ ಮಂಗಳವಾರವೆಂದು ಕೇಳಿಯೇ ಇಷ್ಟು ಹೊತ್ತಿಗೆ ನಗುತ್ತಿರಬಹುದು. ನಗಲಿ. ನಾನಿದ್ದ ಕೋರ್ಟಿಗೆ ಆಷಾಢ ಶ್ರಾವಣ ಎಂಬ ಭೇದವಿರಲಿಲ್ಲ, ಮುಂದಿನ ತಾರೀಖು ಒಂದೇ ಇದ್ದದ್ದು.

ವಿಚಾರಣೆ ಚೌಕದಲ್ಲಿ ನಡೆಯಿತು. ಆರೋಪಿ ಕಸಬರಿಗೆ ಹಿಡಿದಿದ್ದಳು.

"ಯಾರ ಅಗದ್ರು, ಶಿವಕ್ಕ?"

"ನಾ ನೋಡಿಲ್ರಿ."

"ನೋಡಿಲ್ಲೋ, ನೋಡಿದ್ರೂ ಹೇಳೂದಿಲ್ಲೋ?"

"ನಿಮ್ಮ ಕೋರ್ಟಿನ್ಯಾಗ ಎರಡೂ ಒಂದ ಅಲ್ಲೇನ್ರಿ?"

"ಚ್ಯಾಷ್ಟಿ ಬ್ಯಾಡ. ಖೋಲಿ ಹೋಗತೈತಿ ನಿಂದು."

ಕಸಬರಿಗೆ ನಿಂತಿತು. ಅವಳು ದಿಡ್ಡಿಯ ಕಡೆ, ತನ್ನ ಖೋಲಿಯ ಹೆಂಚಿನ ಕಡೆ ನೋಡಿದಳು. "ಹೋದ್ರ ಹೋತ್ರಿ. ಹೇಳಬಾರದ್ದ ಹೇಳಿ ಇಟಗೊಂಡ ಖೋಲಿಯೊಳಗ ನಿದ್ದಿ ಹತ್ತತೈತೇನ್ರಿ?" ಎಂದು ಮತ್ತೆ ಗುಡಿಸತೊಡಗಿದಳು.

ಕೋರ್ಟಿನಲ್ಲಿ ಸುಳ್ಳುಗಾರರನ್ನು ಕಂಡಿದ್ದೆ, ಅಂಜುಬುರುಕರನ್ನು ಕಂಡಿದ್ದೆ. ಗೊತ್ತಿದೆ ಎಂದು ಒಪ್ಪಿಕೊಂಡು ಹೇಳುವುದಿಲ್ಲ ಎನ್ನುವವರು ಅಪರೂಪ. ಸಂಶಯ ಇಮ್ಮಡಿಯಾಯಿತು.

ದಿಡ್ಡಿಗೆ ಹೊಸ ಕೀಲಿ ತಂದೆ. ಕಳ್ಳರ ಹೆಜ್ಜೆ ಮೂಡಲೆಂದು ಕೆರೆಯ ದಾರಿಗೆ ಬೂದಿ ಹರಡಿದೆ. ಅರ್ಧ ತಾಸಿನಲ್ಲಿ ಮಳೆ ಬಂದು ಸಾಕ್ಷ್ಯವನ್ನೆಲ್ಲ ತೊಳೆದುಕೊಂಡು ಹೋಯಿತು. ಮಳೆಯ ಮೇಲೂ ಒಂದು ಕಣ್ಣಿಟ್ಟೆ. ಮುಂದಿನ ಮಂಗಳವಾರ ಮತ್ತೆ ತೆಗ್ಗು. ಕೆಸರಲ್ಲಿ ಹಸಿರು ಬಳೆಯ ಚೂರೊಂದು ಸಿಕ್ಕಿತು. ಕಳ್ಳ ಬಳೆಗಾರನಿರಬೇಕೆಂದು ತೀರ್ಮಾನಿಸಿ, ಊರಿಗೆ ಬಂದ ಒಬ್ಬ ಬಡಪಾಯಿ ಬಳೆಗಾರನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಊಟದ ಹೊತ್ತಿನವರೆಗೆ ಪ್ರಶ್ನೆ ಕೇಳಿದೆ. ಅವನು ಹೋಗುವಾಗ ನನ್ನ ಹೆಂಡತಿಯ ಕೈ ಅಳತೆ ಕೇಳಿದ.

ಇನ್ನೂ ವಿಚಿತ್ರವೆಂದರೆ, ಹಿಂದಿನ ವಾರದ ತೆಗ್ಗುಗಳು ಮುಚ್ಚಿದ್ದವು. ಸುಮ್ಮನೆ ಮಣ್ಣೆಳೆದು ಮುಚ್ಚಿದ್ದಲ್ಲ. ತುಳಿದು, ಗಟ್ಟಿ ಮಾಡಿ, ನುಣ್ಣಗೆ ಸವರಿದ್ದರು. ಸಾಕ್ಷ್ಯನಾಶ! ಯಾವಾಗ ಮುಚ್ಚಿದರು ಎಂದು ಹಿಂದಕ್ಕೆ ಹೋಗಿ ಲೆಕ್ಕ ಹಾಕಿದಾಗ ಬುಧವಾರ ಸಂಜೆಗೆ ಬಂದು ನಿಂತಿತು. ಆ ಸಂಜೆ ನಾನು ಹುಕ್ಕೇರಿಗೆ ಹೋಗಿದ್ದೆ. ಯಾಕೆ ಹೋಗಿದ್ದೆ? ಚಹಾಪುಡಿ ತೀರಿದೆ ಎಂದು ಶಿವಕ್ಕ ಹೇಳಿದ್ದಳು. ಈ ಬುಧವಾರವೂ ಬೆಳಿಗ್ಗೆ ಡಬ್ಬಿ ಅಲ್ಲಾಡಿಸಿ ತೋರಿಸಿದಳು. "ಊರಾಗಿಂದು ಕಡಕ ಇರೂದಿಲ್ರಿ, ಹುಕ್ಕೇರಿದ ತರ್ರಿ." ತಂದೆ. ತೆಗ್ಗುಗಳು ಮುಚ್ಚಿದ್ದವು. ಚಹಾ ಮಾತ್ರ ನಿಜಕ್ಕೂ ಕಡಕಾಗಿತ್ತು. ಅದನ್ನು ಕುಡಿಯುತ್ತಲೇ ಅವಳ ವಿರುದ್ಧ ಮನಸ್ಸಿನಲ್ಲಿ ದೋಷಾರೋಪ ಪಟ್ಟಿ ತಯಾರಿಸಿದೆ.

ಅದರ ಮುಂದಿನ ಮಂಗಳವಾರ, ಇನ್ನೂ ಬೆಳಕು ಹರಿಯುವ ಮೊದಲೇ ಹೋಗಿ ಹಾಳು ಮಂಟಪದಲ್ಲಿ ಅಡಗಿ ಕೂತೆ. ಮುತ್ತಜ್ಜ ಹಾಳನ್ನು ಬಹಳ ಶ್ರದ್ಧೆಯಿಂದ ಕಟ್ಟಿಸಿದ್ದರಿಂದ ಸೋರುವ ಏರ್ಪಾಡೂ ಚೆನ್ನಾಗಿತ್ತು. ಛತ್ರಿಯ ಮೇಲೆ ಒಂದೇ ಕಡೆ ಟಪಟಪ ನೀರು. ಕಪ್ಪೆಗಳು ಪರಸ್ಪರ ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ಪೂರ್ವಕ್ಕೆ ಸ್ವಲ್ಪ ಬೂದು ಬಣ್ಣ ಬಂದಿತ್ತು, ಆಗ ಬಂದರು. ಹಿಂದಿನ ಗೋಡೆ ಬಿರಿದಿದ್ದ ಕಡೆಯಿಂದ, ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು, ಒಬ್ಬರ ಹಿಂದೊಬ್ಬರು. ಮಾತಿಲ್ಲ. ಕೂತರು, ಅಗೆದರು, ಬುಟ್ಟಿಗೆ ತುಂಬಿದರು.

ನಾನು ಎದ್ದು ನಿಂತೆ. ಕೇಳಬೇಕೆಂದಿದ್ದದ್ದು ಗಂಭೀರವಾದ ಒಂದು ಪ್ರಶ್ನೆ. ಆದರೆ ವರ್ಷಗಟ್ಟಲೆ ಕಿವಿಯಲ್ಲಿ ತುಂಬಿಕೊಂಡಿದ್ದ ಪಟ್ಟೇವಾಲನ ರಾಗವೇ ಗಂಟಲಿಂದ ಹೊರಬಿತ್ತು: "ಯಾರದೂ... ಹಾಜರ್ ಹೋ!"

ಗುಡ್ಡ ಅದನ್ನು ಹಿಡಿದು ಹಿಂದಕ್ಕೆ ಎಸೆಯಿತು. ಕಳ್ಳರು ಬುಟ್ಟಿ ಎತ್ತಿಕೊಂಡು ಓಡಿದರು. ಓಡುತ್ತ ನಕ್ಕರು! ಬಿದ್ದು ಬಿದ್ದು ನಕ್ಕರು.

"ಎದ್ದಾನ ಬೇ! ಕಾವಲಾಂವ ಎದ್ದಾನ! ಓಡ್ರೆವ್ವೋ!"

"ದನಿ ಹೆಂಗೈತಿ ನೋಡಬೇ ಅವಂದು, ಕೆಸರಾಗ ಸಿಕ್ಕ ಕೋಣದಂಗ!"

ಗೋಡೆ ದಾಟುವ ಮೊದಲು ಒಬ್ಬಳು ತಿರುಗಿ ನಿಂತು, "ಮುಂದಿನ ವಾರ ಇನ್ನಷ್ಟ ಜೋರಾಗಿ ಒದರ್ರಿ, ಸಾಹೇಬ್ರ!" ಎಂದು ಕೂಗಿ ಮಾಯವಾದಳು. ಕಳ್ಳನಿಂದ ಸಲಹೆ ಪಡೆದ ಕಾವಲುಗಾರ ನಾನೊಬ್ಬನೇ ಇರಬೇಕು.

ನೇರ ದಿಡ್ಡಿಯ ಖೋಲಿಗೆ ನುಗ್ಗಿದೆ. ಶಿವಕ್ಕ ಒಲೆಯ ಮುಂದೆ ಕೂತಿದ್ದಳು. ಕಣ್ಣು ಒದ್ದೆಯಾಗಿದ್ದವು. ಹೊಗೆಯಿಂದಲೋ ಹೇಗೋ ಎಂದು ಸಂಶಯಪಟ್ಟೆ. ಒಲೆ ಇನ್ನೂ ಹೊತ್ತಿರಲಿಲ್ಲ.

"ಭಾಳ ವರ್ಷ ಆಗಿತ್ರಿ" ಎಂದಳು, "ಈ ವಾಡೇದಾಗಿಂದ ಯಾರರ ಒದರಿ."

"ಅಂದ್ರ?"

"ನಾಳಿ ಹೊತ್ತ ಮುಣಗೂಮುಂದ ಕೆರಿ ದಂಡಿಗೆ ಬರ್ರಿ. ಚಹಾಪುಡಿ ಐತಿ."

ಬುಧವಾರ ಸಂಜೆ ಹೋದೆ. ಊರ ಹೆಣ್ಣುಮಕ್ಕಳೆಲ್ಲ ಬಿರಿದ ಗೋಡೆಯಿಂದಲ್ಲ, ದಿಡ್ಡಿಯಿಂದಲೇ ಬಂದರು. ಶಿವಕ್ಕ ಬಾಗಿಲು ತೆಗೆದು ನಿಂತಿದ್ದಳು. ಪ್ರತಿಯೊಬ್ಬಳ ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಮಣ್ಣಿನ ಗುಳ್ಳವ್ವ. ಆಷಾಢದ ಮಂಗಳವಾರ ನಮ್ಮ ಕಡೆ ಮನೆಮನೆಯಲ್ಲಿ ಮಾಡಿ ಕೂಡಿಸುವ ದೇವಿ. ಮೈತುಂಬ ಕುಸುಬಿ ಕಾಳು, ಕಣ್ಣಿಗೆ ಗುಲಗಂಜಿ. ಹಾಡು ಹೇಳುತ್ತ ಗುಳ್ಳವ್ವರನ್ನು ನೀರಲ್ಲಿ ನೆನೆಸಿ, ಕರಗಿದ ಮಣ್ಣನ್ನು ನಿನ್ನೆಯ ತೆಗ್ಗುಗಳಿಗೆ ತುಂಬಿ, ಸಾಲಾಗಿ ನಿಂತು ಬರಿಗಾಲಲ್ಲಿ ತುಳಿದರು. ಮುತ್ತಜ್ಜನ ಎತ್ತುಗಳು ಮಾಡಿದ ಕೆಲಸ ವರ್ಷವರ್ಷ ಹೀಗೆ ರಿಪೇರಿಯಾಗುತ್ತ ಬಂದಿತ್ತು.

ಊರಿಗೆಲ್ಲ ಹಿರಿಯಳಾದ ನಿಂಗವ್ವ ಒಂದು ತಾಟು ತಂದು ನನ್ನ ಮುಂದಿಟ್ಟಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎರಡು ಕಡಬು. "ಕಾವಲಾಂವನ ಪಾಲು. ತಗೋರಿ."

"ಮಣ್ಣ ಬೇಕಂದ್ರ ಕೇಳಿ ಒಯ್ಯಬಾರದೇನವಾ?"

"ಇಸಗೊಂಡ ಮಣ್ಣಿಗೆ ಗುಳ್ಳವ್ವ ಕೂಡೂದಿಲ್ರಿ. ಕದ್ದ ತರಬೇಕು. ಕದಿಯಾಕ ಕಾವಲ ಬೇಕು, ಕಾವಲ ಅಂದ ಮ್ಯಾಲ ಒದರಬೇಕು. ಹಿಂದಿನ ದೇಸಾಯರು ಖಿಡಕಿ ತಗದು ಹೆಂಗ ಒದರತಿದ್ರಂದ್ರ, ಊರಾಗಿನ ನಾಯಿ ಎಲ್ಲಾ ಏಳತಿದ್ದೂ. ಅವರು ಹೋದ ಮ್ಯಾಲ ಕದ್ದೀವ್ರಿ, ಆದ್ರ ಒಬ್ಬರಾದ್ರೂ 'ಯಾರದು' ಅಂತ ಕೇಳಲಿಲ್ಲ. ಹುಗ್ಗಿಗೆ ಬೆಲ್ಲ ಹಾಕೂದ ಮರತಂಗ ಆಗಿತ್ತು."

"ಮಾಲಕರಿಗೆ ಯಾಕ ಹೇಳೂದಿಲ್ಲ?"

"ನಮ್ಮ ಬಾಯಿಂದ ಹೇಳಬಾರದ್ರಿ. ಹೇಳಿದ್ರ ಕದ್ದಂಗ ಹೆಂಗಾತು? ಕಾವಲಾಂವ ಬೇಕಾದ್ರ ಹೇಳಲಿ."

"ದೇಸಾಯರು ಮಗಳಿಗಾದ್ರೂ ಹೇಳಬೇಕಿತ್ತು."

ನಿಂಗವ್ವ ಬೊಚ್ಚುಬಾಯಿ ತೆರೆದು ನಕ್ಕಳು. "ವಾಡೇದ ಹುಡಿಗ್ಯಾರಿಗೆ ಹೇಳತಾರೇನ್ರಿ? ಹೇಳಿದ್ರ ಅವರೂ ಕದಿಯಾಕ ಬರತಾರಲ್ಲ!"

ಅಷ್ಟರಲ್ಲಿ ನನ್ನ ಕೈ ತಾಟಿಗೆ ಹೋಗಿತ್ತು. ಕಳ್ಳರ ಕೈಯ ಕಡಬು ತಿಂದವನು ನಿಷ್ಪಕ್ಷಪಾತಿಯಾಗಿ ಉಳಿಯುವುದು ಕಠಿಣ. ಎರಡನೆಯದನ್ನೂ ತಿಂದೆ.

ಆಷಾಢದ ಕೊನೆಯ ಮಂಗಳವಾರದ ಹಿಂದಿನ ಸಂಜೆ ಅಕ್ಕಾಸಾಹೇಬರು ಬಂದರು, ಜೊತೆಗೆ ಸುಭಾಷ. ಚೌಕದ ತೂಗುಮಂಚದ ಮೇಲೆ ಕೂತು, ಮುಖ ಬಿಗಿದುಕೊಂಡೇ ಕೇಳಿದರು: "ಏನಾತ್ರಿ?" ಶಿವಕ್ಕ ದಿಡ್ಡಿಯ ಹತ್ತಿರ ನಿಂತಿದ್ದಳು. ಅವಳ ಕಾಲ ಬಳಿ ಗಂಟು ಕಟ್ಟಿದ ಸೀರೆ ಪಾತ್ರೆಗಳಿದ್ದವು. ಹೇಳದೆ ಇರುವುದರ ಬೆಲೆ ಅವಳಿಗೆ ಗೊತ್ತಿತ್ತು.

ನಾನು ಗಂಟಲು ಸರಿ ಮಾಡಿಕೊಂಡೆ. "ಶಿವಕ್ಕ ಇದರಾಗ ಅದಾಳ್ರಿ."

ಸುಭಾಷ ಫೋನು ತೆಗೆದ. ಶಿವಕ್ಕ ಗಂಟಿಗೆ ಕೈ ಹಾಕಿದಳು.

"ಇಡೀ ಊರ ಇದರಾಗ ಐತಿ. ನಿಮ್ಮ ತಂದಿಯವರೂ ಇದ್ರು" ಎಂದು ಮುಂದುವರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಡಬಿನ ಸಂಗತಿ ಮಾತ್ರ ಬಿಟ್ಟೆ. ಅದು ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ.

ತೂಗುಮಂಚದ ಸರಪಳಿ ಸಪ್ಪಳ ನಿಂತಿತು. ಅಕ್ಕಾಸಾಹೇಬರು ಮಾಡಿಯ ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನನ್ನಲ್ಲ, ಶಿವಕ್ಕನನ್ನು ಕೇಳಿದರು: "ಖರೆ ಸಿಟ್ಟಿಲೇ ಒದರತಿದ್ರೇನ ಅಪ್ಪಾ?"

"ಇಲ್ರಿ, ಅಕ್ಕಾಸಾಬ್ರ. ಒದರಿ, ಖಿಡಕಿ ಮುಚ್ಚಿ, ಹೊಟ್ಟಿ ಹಿಡ್ಕೊಂಡ ನಗತಿದ್ರಂತ. ನಮ್ಮತ್ತಿ ಹೇಳತಿದ್ಲು."

"ಕೌದಿಯೊಳಗ ನನಗ ಬರೇ ಒದರೂದಷ್ಟ ಕೇಳತಿತ್ತು" ಎಂದರು ಅಕ್ಕಾಸಾಹೇಬರು.

ಸುಭಾಷ ಫೋನು ಜೇಬಿಗಿಳಿಸಿ, "ಹಂಗಾದ್ರ ಸೌದಾದ್ದು ಹೆಂಗ್ರಿ? ಪಾರ್ಟಿ ನಾಳಿ ಬರಲೋ?" ಎಂದ.

"ನಾಳಿ ಬ್ಯಾಡಪಾ. ನಾಳಿ ಮಂಗಳವಾರ." ಎದ್ದು ಮಾಡಿಯ ಮೆಟ್ಟಿಲ ಕಡೆ ನಡೆದವರು ಅರ್ಧಕ್ಕೆ ನಿಂತು, "ಕಾರಕೂನರ, ನಸಿಕಿನ್ಯಾಗ ಮ್ಯಾಲಿನ ಖಿಡಕಿಯಿಂದ ಒದರ್ರಿ. ಮಂಟಪದಾಗಿಂದ ಬ್ಯಾಡ" ಎಂದರು.

ನಸುಕಿನಲ್ಲಿ ಮಾಡಿಯ ಮೆಟ್ಟಿಲು ಹತ್ತಿದೆ. ಅಕ್ಕಾಸಾಹೇಬರ ಖೋಲಿಯ ಬಾಗಿಲು ತೆರೆದಿತ್ತು. ಹಾಸಿಗೆಯ ಮೇಲೆ ಮಡಿಚಿಟ್ಟ ಕೌದಿ ಬಿಟ್ಟರೆ ಯಾರೂ ಇರಲಿಲ್ಲ. ಸಂಶಯ ಬಂತು. ಕಿಟಕಿ ತೆಗೆದೆ. ಜಿನುಗು ಮಳೆಯಲ್ಲಿ ಕೊಪ್ಪೆಗಳ ಸಾಲು ಕೆರೆಯ ದಂಡೆಗೆ ಬಂದಿತ್ತು. ಅವುಗಳಲ್ಲೊಂದು ಉಳಿದವರಿಗಿಂತ ಎತ್ತರ, ನಡಿಗೆ ನಿಧಾನ. ಶಿವಕ್ಕನ ಆಕಾರದ ಇನ್ನೊಂದು ಕೊಪ್ಪೆ ಅದರ ಮೊಣಕೈ ಹಿಡಿದಿತ್ತು. ಎತ್ತರದ್ದು ಕೆಸರಲ್ಲಿ ಮೊಣಕಾಲೂರಿ ಕೂತು, ಗುದ್ದಲಿ ಬಿಟ್ಟು ಎರಡೂ ಕೈಯಿಂದ ಮಣ್ಣು ತೋಡಿತು.

ಎದೆ ತುಂಬ ಗಾಳಿ ಎಳೆದುಕೊಂಡು ಒದರಿದೆ. ಊರ ನಾಯಿಗಳು ಎದ್ದವೋ ಇಲ್ಲವೋ ನಿಂಗವ್ವನನ್ನು ಕೇಳಬೇಕು. ಸಾಲು ಚೆಲ್ಲಾಪಿಲ್ಲಿಯಾಗಿ ಓಡಿತು. ಎತ್ತರದ ಕಳ್ಳಿ ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಬುಟ್ಟಿ ಹಿಡಿದು, ಜಾರಿ, ಸಾವರಿಸಿ, ಕೊಪ್ಪೆ ಬಿದ್ದ ಬಿಳಿಗೂದಲಿನಲ್ಲಿ ಓಡುತ್ತ, ಒಮ್ಮೆ ತಿರುಗಿ ಕಿಟಕಿಯ ಕಡೆ ನೋಡಿದಳು. ನಾನು ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೆ ಏನು ಮಾಡಿದೆ ಎಂಬುದನ್ನು ದೇಸಾಯರ ಮರ್ಯಾದೆಗಾಗಿ ಇಲ್ಲಿ ಬರೆಯುವುದಿಲ್ಲ.

ಶಿವಕ್ಕನ ಗಂಟು ಮತ್ತೆ ಬಿಚ್ಚಿತು. ಸೌದಾ ಮುರಿಯಿತು. ಹಿಂದಿನ ಗೋಡೆಯ ಬಿರುಕನ್ನು ಅಕ್ಕಾಸಾಹೇಬರು ಗೌಂಡಿಯನ್ನು ಕರೆಸಿ ಇನ್ನಷ್ಟು ಅಗಲ ಮಾಡಿಸಿದರು. ಮಂಡಿನೋವಿನವರಿಗೆ ದಾಟಲು ಅನುಕೂಲವಾಗಲಿ ಎಂದು. ವಾಡೆಯೊಡತಿಗೆ ಕೆರೆಯಲ್ಲಿ ನಿಧಿ ಸಿಕ್ಕಿದೆ, ಅದಕ್ಕೇ ಮಾರಲಿಲ್ಲ ಎಂದು ಸುಭಾಷ ಸಂಕೇಶ್ವರದ ತುಂಬ ಹೇಳಿಕೊಂಡು ತಿರುಗುತ್ತಾನೆ. ನಾನು ಅಲ್ಲಗಳೆಯಲು ಹೋಗಿಲ್ಲ.

ಮೊನ್ನೆ ಓಣಿಯ ತೆಗ್ಗು ನೋಡಿ ಒಳಗೆ ಬಂದರೆ ಹೆಂಡತಿ ನನ್ನ ಚೀಲಕ್ಕೆ ಜ್ಯೇಷ್ಠಮಧು ಹಾಕುತ್ತಿದ್ದಳು. ಗಂಟಲಿಗೆ ಒಳ್ಳೆಯದು. ಅಷ್ಟರಲ್ಲಿ ಫೋನು ಬಡಿಯಿತು. ವರ್ಷವೂ ಇದೇ ಹೊತ್ತಿಗೆ ಬರುವ ಫೋನು, ವರ್ಷವೂ ಅದೇ ಗಂಭೀರ ದನಿ:

"ಕಾರಕೂನರ, ಮತ್ತ ಕಳ್ಳರ ಕಾಟ ಸುರು ಆಗೂಹಂಗ ಕಾಣತೈತಿ. ಬರ್ರಿ."

"ಯಾರ ಮ್ಯಾಲ ಸಂಶಯರಿ, ಅಕ್ಕಾಸಾಹೇಬ್ರ?"

"ನನಗೇನ ಗೊತ್ರಿ" ಎಂದರು. "ನಾ ಕೌದಿ ಹೊತಗೊಂಡ ಮಲಗಿರತೇನಿ."